ಟೊಳ್ಳು ಬಂಡೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮಾವನವರಿಗೆ ಆ ಗಾದೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಆಯುಷ್ಯವೆಲ್ಲ ಕ್ವಾರಿಯಲ್ಲಿ ಕಲ್ಲು ಒಡೆದವರು. ಎಲ್ಲೇ ಬಂಡೆ ಕಂಡರೂ ಮೇಲೆ ಹತ್ತಿ ಹಿಮ್ಮಡಿಯಿಂದ ಗುದ್ದಿ, ಸದ್ದಿನಿಂದಲೇ ಅದು ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದರು. ಅಂಥವರ ಮಗ ಸಿಮೆಂಟಿನಲ್ಲಿ ಬಂಡೆ, ಜಲಪಾತ ಮಾಡುತ್ತಾನೆಂದರೆ ಅವರಿಗೆ ಮೈಯೆಲ್ಲ ಉರಿ.

"ಗೋಡೆಗೆ ಬಳಿಯೋದನ್ನ ಗುಡ್ಡ ಅಂತಾನೆ" ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು. ನನ್ನ ಗಂಡ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ನಲವತ್ತು ದಾಟಿದ ಗಂಡಸು ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತಿಗಾಗಿ ಕಾಯುವುದನ್ನು ಕಂಡು ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಆಗ ಸಿಕ್ಕಿದ್ದು ನದಿಯ ಮೇಲೆ ತೇಲುವ ಹೋಟೆಲಿನ ಕೆಲಸ. ಡ್ರಮ್ಮುಗಳ ಮೇಲೆ ಹಲಗೆ, ಹಲಗೆಯ ಮೇಲೆ ಎರಡಾಳೆತ್ತರದ ಬಂಡೆ, ಅದರಿಂದ ಬೀಳುವ ನೀರು, ಕೆಳಗೊಂದು ಕೊಳ. ತೂಕ ಹೆಚ್ಚಾದರೆ ಹೋಟೆಲೇ ಮೀನಿನ ಪಾಲು. ಅದಕ್ಕೇ ಬಂಡೆ ಒಳಗೆ ಟೊಳ್ಳು: ಕಬ್ಬಿಣದ ಸರಳು, ತಂತಿ ಜಾಲರಿ, ಮೇಲೆ ಬೆರಳು ದಪ್ಪದ ಸಿಮೆಂಟು. ನೆತ್ತಿಗೆ ಸರಳೂ ಇಲ್ಲ. ಹೊಟ್ಟೆಯೊಳಗೆ ಪಂಪು. ಬಣ್ಣ, ಪಾಚಿ, ನೀರಿನ ಕಲೆ ಎಲ್ಲ ನನ್ನ ಕೈಯದು.

"ಯಾರೂ ಹತ್ತಬಾರದು ಅಂತ ಒಂದು ಬೋರ್ಡ್ ಹಾಕ್ಸಿ ಸಾರ್" ಎಂದು ನನ್ನ ಗಂಡ ಮಾಲೀಕರನ್ನು ಕೇಳಿಕೊಂಡರು.

"ಬೋರ್ಡ್ ಹಾಕಿದ್ರೆ ಅದನ್ನ ಬಂಡೆ ಅಂತ ಯಾರಯ್ಯಾ ನಂಬ್ತಾರೆ?" ಎಂದು ಮಾಲೀಕರು ನಕ್ಕರು.

ಹೋಟೆಲು ತೆರೆಯುವ ದಿನ ನಾನೇ ಹಟ ಹಿಡಿದು ಮಾವನನ್ನು ಕರೆದೊಯ್ದೆ. ನನ್ನ ಗಂಡ ಬಂಡೆಯ ಹಿಂದೆ ಸ್ವಿಚ್ಚಿನ ಹತ್ತಿರ ಇದ್ದರು. ನೀರು ಧೋ ಎಂದು ಬಿತ್ತು. ಮಾವ ಕೊಳದ ಅಂಚಿನಲ್ಲಿ ನಿಂತು ಬಂಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಒಳ್ಳೇ ಜಾತಿ ಕಲ್ಲಮ್ಮಾ ಇದು. ಇಷ್ಟು ದೊಡ್ಡದನ್ನ ನೀರಿನ ಮೇಲೆ ಹೇಗೆ ತಂದ್ರು? ಅದಿರ್ಲಿ, ಅವನು ಮಾಡಿದ್ದು ಎಲ್ಲಿದೆ?"

ನನಗೆ ನಗು ತಡೆಯಲಾಗಲಿಲ್ಲ. ಈ ಮಾತನ್ನು ಮಗನ ಎದುರಿಗೇ ಹೇಳಲಿ ಎನ್ನಿಸಿತು. "ಇರಿ ಮಾವ, ಅವರನ್ನೇ ಕರೀತೀನಿ" ಎಂದು ಹಿಂದಕ್ಕೆ ಓಡಿದೆ.

"ರೀ, ಬನ್ನಿ! ನಿಮ್ಮಪ್ಪ ಅದನ್ನ ನಿಜವಾದ ಕಲ್ಲು ಅಂದ್ಕೊಂಡಿದಾರೆ!"

ಅವರ ಮುಖ ಅರಳಿತು. ಮರುಕ್ಷಣವೇ ಬಿಳಿಚಿಕೊಂಡಿತು. "ಒಬ್ಬರನ್ನೇ ಬಿಟ್ಟು ಬಂದ್ಯಾ?"

ನಾವು ಸುತ್ತಿಕೊಂಡು ಬರುವಷ್ಟರಲ್ಲಿ ನೆತ್ತಿಯಲ್ಲಿ ಆಳು ಹಿಡಿಯುವಷ್ಟು ತೂತು. ಮಾವ ಮೇಲೆ ಹತ್ತಿ ಗುದ್ದಿದ್ದರು; ನೀರಿನ ಅಬ್ಬರದಲ್ಲಿ ಹಿಮ್ಮಡಿಯ ಸದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಒಳಗೆ ಪಂಪಿನ ಕಬ್ಬಿಣಕ್ಕೆ ತಲೆ ಬಡಿದಿತ್ತು. ಉಸಿರಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ತೂತು ಮುಚ್ಚಲು ಮಾಲೀಕರು ಹೇಳಿಕಳಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಬೋರ್ಡೂ ಬಂದಿತ್ತು. ನನ್ನ ಗಂಡ ಜಾಲರಿ ಕಟ್ಟಿ ಸಿಮೆಂಟು ಬಳಿದರು. ನಾನು ಪಾಚಿ ಬರೆದೆ. ತೂತು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

ಅವರು ತುಂಬ ಹೊತ್ತು ನೋಡಿದರು. "ಅಪ್ಪ ಏನಂದ್ರು? ಇನ್ನೊಂದ್ಸಲ ಹೇಳು."

"ಒಳ್ಳೇ ಜಾತಿ ಕಲ್ಲು ಅಂದ್ರು."

"ಹಾಗಾದ್ರೆ ಕೆಡ್ಸು" ಎಂದರು. "ಕುರುಡನಿಗೂ ಸುಳ್ಳು ಅಂತ ಗೊತ್ತಾಗ್ಬೇಕು."

ನಾನು ದೊಡ್ಡ ಬ್ರಶ್ಶನ್ನು ಗಿಳಿಹಸಿರು ಬಣ್ಣದಲ್ಲಿ ಅದ್ದಿ, ನೆತ್ತಿಯಿಂದ ಕೊಳದವರೆಗೆ ಬಳಿದುಬಿಟ್ಟೆ.