ಕೋರ್ಟಿಗೊಂದು ಆಳು

ಕೇಸ್ ನಂಬರ್ ಹೇಳು ಅಂದರೆ ಗಂಗಹನುಮಯ್ಯ ಏನಂತ ಹೇಳಬೇಕು? ಅವನಿಗೆ ಗೊತ್ತಿದ್ದ ನಂಬರು ತನ್ನ ಮೊಬೈಲಿನದೊಂದೇ, ಅದನ್ನೂ ಹೆಂಡತಿಯನ್ನು ಕೇಳಿ ಹೇಳುತ್ತಿದ್ದ. ರಾಮನಗರದ ಕೋರ್ಟಿನ ಕಿಟಕಿಯ ಮುಂದೆ ಬೆಳಗಿನಿಂದ ನಿಂತಿದ್ದಾನೆ. ತನ್ನೂರು ಕಲ್ಯದಿಂದ ಮಾಗಡಿಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ನಿಂತೇ ಬಂದು ಕಾಲು ಬಾತುಕೊಂಡಿವೆ. ಪಕ್ಕದಲ್ಲಿ ಹೆಂಡತಿ ಪುಟ್ಟಗೌರಮ್ಮ. ಅವಳ ಕಂಕುಳಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ತಣ್ಣಗಾದ ಮುದ್ದೆ, ಆಧಾರ್ ಕಾರ್ಡು, ಮತ್ತೆ ಪೊಲೀಸರು ಮನೆಗೆ ತಂದುಕೊಟ್ಟ ಆ ಹಾಳು ನೋಟೀಸು.

"ಇಸವಿ?"

"ಗೊತ್ತಿಲ್ಲ ಸ್ವಾಮಿ."

"ಯಾವ ಕೋರ್ಟು?"

"ಕರ್ಕೊಂಡೋದ ಕಡೆ ಹೋಗಿವ್ನಿ. ಕನಕಪುರಕ್ಕೂ ಹೋಗಿವ್ನಿ, ಚನ್ನಪಟ್ಣಕ್ಕೂ ಹೋಗಿವ್ನಿ."

"ಏನ್ ಕೇಸು?"

"ಅದ್ನೇ ಕೇಳಾಕ್ ಬಂದಿರದು."

ಒಳಗಿದ್ದವನು ತಲೆ ಎತ್ತಿ ಒಂದು ಸಲ ನೋಡಿದ. "ನಿನ್ ಮೇಲಿರೋ ಕೇಸು ನಿಂಗೇ ಗೊತ್ತಿಲ್ಲ ಅಂದ್ರೆ ನಂಗೆಲ್ಲಿ ಗೊತ್ತಾಗ್ಬೇಕು? ಸರೀಪ್ಪ, ಮುಂದಿನವ್ರು ಬರ್ಲಿ," ಅಂದ.

ಹಾಗನ್ನುವುದು ಅವನಿಗೆ ಸುಲಭ. ನೋಟೀಸಿನಲ್ಲಿ ಬರೆದಿದ್ದು ಇಷ್ಟು: ಗಂಗಹನುಮಯ್ಯ ಅಪರಾಧದ ಚಾಳಿಯವನು, ಅನೇಕ ಕೇಸುಗಳಲ್ಲಿ ಶಿಕ್ಷೆಯಾದವನು, ಊರಿನವರು ಅವನಿಗೆ ಹೆದರುತ್ತಾರೆ. ಅವನನ್ನು ಒಂದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿ ರಾಯಚೂರಿನ ಕಡೆಗೆ ಯಾಕೆ ಕಳಿಸಬಾರದು ಅನ್ನುವುದನ್ನು ಗುರುವಾರ ಬಂದು ಎ.ಸಿ. ಸಾಹೇಬರ ಮುಂದೆ ಹೇಳಬೇಕು. ಊರಿನ ನಾಯಿ ಬೊಗಳಿದರೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವ ಮನುಷ್ಯನಿಗೆ ಊರೇ ಹೆದರುತ್ತದಂತೆ. ಯಾವ ಬೃಹಸ್ಪತಿ ಬರೆದನೋ ಅದನ್ನು.

ಕೋರ್ಟಿನ ಎದುರಿಗೇ ಜೈನಬಳ ಟೈಪಿಂಗ್ ಅಂಗಡಿ. ಹುಡುಗಿಯಾಗಿದ್ದಾಗ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಬಿಸಿನೀರಿಗೆ ಕೈ ಹಾಕಿ ಹಾಕಿ ಅವಳ ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ದವು. ಈಗ ಅವೇ ಬೆರಳಲ್ಲಿ ವಕೀಲರ ಅರ್ಜಿ ಕುಟ್ಟುತ್ತಿದ್ದಳು. ಬಾಯಿ ಮಾತ್ರ ಜೋರು.

"ಅಲ್ಲ್ಯಾಕಣ್ಣ ಬಿಸ್ಲಲ್ಲಿ ಒಣಗ್ತಾ ನಿಂತಿದ್ರಿ? ಕಂಪ್ಯೂಟ್ರಲ್ಲಿ ಹೆಸ್ರು ಹೊಡುದ್ರೆ ಯಾರ್ ಕೇಸು ಬೇಕಾದ್ರೂ ಬತ್ತದೆ. ಅದ್ಕೇನು ಗುಟ್ಟಾ? ಹೆಸ್ರು ಹೇಳಿ."

ಗಂಗಹನುಮಯ್ಯನ ಹೆಸರನ್ನು ಇಂಗ್ಲಿಷಿನಲ್ಲಿ ಹೀಗೊಂದು ಸಲ, ಹಾಗೊಂದು ಸಲ ಹೊಡೆದಳು. ಒಂದೊಂದೇ ತಾಲೂಕಿನ ಕೋರ್ಟು ಆರಿಸಿ ಹುಡುಕಿದಳು. ಕನಕಪುರ, ಚನ್ನಪಟ್ಟಣ, ಮಾಗಡಿ, ಮೂರು ಕಡೆಯೂ ಪರದೆಯ ಮೇಲೆ ಅವನದೇ ಹೆಸರು ಸಾಲುಗಟ್ಟಿತು.

"ಯಾ ಅಲ್ಲಾ. ನೋಡಕ್ಕೆ ಕುರಿಮರಿ ಹಂಗಿದ್ದೀರ, ಇಷ್ಟೊಂದು ಘನಂದಾರಿ ಕೆಲ್ಸ ಮಾಡಿದ್ದೀರಲ್ಲಣ್ಣ. ಕೇಳಿ. ಹಾರೋಹಳ್ಳಿ ರಸ್ತೆ ಡಾಬಾದಲ್ಲಿ ಲೈಸೆನ್ಸ್ ಇಲ್ದೆ ಎಣ್ಣೆ ಮಾರಿದ್ದು. ಇದೂ ಅದೇ ಡಾಬಾ. ಇದೂ ಅದೇ. ಚನ್ನಪಟ್ಟಣದ್ದು, ಟ್ರ್ಯಾಕ್ಟರ್ ಓಡಿಸ್ಕೊಂಡು ಹೋಗಿ ಹೊಳೇಲಿ ಮರಳು ಕದ್ದಿದ್ದು. ಮಾಗಡಿದು, ತೋಟದ ಮನೇಲಿ ಇಸ್ಪೀಟ್ ಅಡ್ಡೆ ನಡ್ಸಿದ್ದು."

"ನಂಗೆ ಟ್ಯಾಕ್ಟ್ರು ಓಡ್ಸಾಕೇ ಬರಾಕಿಲ್ಲ ಕಣಮ್ಮ."

"ಇಲ್ಲಿ ಓಡ್ಸಿದ್ದೀರಿ. ಎಲ್ಲದ್ರ ಕೊನೇಲೂ ಒಂದೇ ಮಾತು. ಆರೋಪಿ ತಪ್ಪು ಒಪ್ಪಿಕೊಂಡಿದ್ದಾನೆ. ದಂಡ."

ಪುಟ್ಟಗೌರಮ್ಮ ಚೀಲವನ್ನು ನೆಲಕ್ಕಿಟ್ಟಳು. "ದಂಡ ಕಟ್ಟುದ್ ಮೇಲೆ ಮುಗೀತಲ್ವ ತಾಯಿ? ಕಳೀತು ಅಂದ್ಕೊಂಡಿದ್ವಲ್ಲ ನಾವು."

"ದಂಡ ಕಳೀತು. ಹೆಸ್ರು ಕಳೆಯಲ್ಲ. ನಾಳೆ ನಿಮ್ಮ ಮೊಮ್ಮಗ ಹೊಡುದ್ ನೋಡಿದ್ರೂ ಇದೇ ಬತ್ತದೆ."

ಪುಟ್ಟಗೌರಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದಳು. ಆಮೇಲೆ ಅಂದಳು: "ಚಿಕ್ಕರಾಜು ಅಂತ ಹೊಡಿ. ಡಾಬಾ ಅವ್ರುದು. ಟ್ಯಾಕ್ಟ್ರೂ ಅವ್ರುದೇ, ತೋಟಾನೂ ಅವ್ರುದೇ."

ಜೈನಬ ಹೊಡೆದಳು. ಊರು, ತಂದೆ ಹೆಸರು ಕೇಳಿಕೊಂಡು ನಾಲ್ಕೂ ತಾಲೂಕು ಜಾಲಾಡಿದಳು. "ಒಂದೂ ಇಲ್ಲ. ಹಾಲಲ್ಲಿ ತೊಳ್ದಂಗವ್ರೆ," ಅಂದಳು.

ಗಂಗಹನುಮಯ್ಯ ಬೆಂಚಿನ ಮೇಲೆ ಕುಸಿದು ಕೂತ. ನಾಚಿಕೆಯೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ. ಚಿಕ್ಕರಾಜಣ್ಣನ ತೋಟದಲ್ಲಿ ಮೀಸೆ ಮೂಡುವ ಮೊದಲಿನಿಂದ ದುಡಿದವನು ಅವನು. ಡಾಬಾದ ಮೇಲೆ ರೈಡಾದಾಗೆಲ್ಲ ಯಾರೋ ಪೇದೆ ಬೈಕಿನಲ್ಲಿ ಬಂದು, "ಅಣ್ಣ, ಒಂದ್ ಜನ ಕೊಡಿ," ಅನ್ನುತ್ತಿದ್ದ. ಗೊಬ್ಬರ ಹೊರಲು ಒಂದು ಜನ ಕೊಡಿ ಅಂದ ಹಾಗೆ. ಚಿಕ್ಕರಾಜಣ್ಣ ಕೊಟ್ಟಿಗೆಯ ಕಡೆ ತಿರುಗಿ, "ಲೇ ಗಂಗ, ಕೈಕಾಲು ತೊಳ್ಕೊಂಡು ಕೋರ್ಟಿಗೆ ಹೋಗ್ಬಾರ್ಲಾ," ಅನ್ನುತ್ತಿದ್ದರು. ತಮ್ಮದೇ ಹಳೆಯದೊಂದು ಶರ್ಟು ಕೊಡುತ್ತಿದ್ದರು. ಠಾಣೆಯಲ್ಲಿ ಪೊಲೀಸರು ಅವನನ್ನು ಎಣ್ಣೆ ಪ್ಯಾಕೆಟ್ಟುಗಳ ಪಕ್ಕ ನಿಲ್ಲಿಸಿ ಫೋಟೋ ಹಿಡಿಯುತ್ತಿದ್ದರು. ಕೋರ್ಟಿನಲ್ಲಿ ಕೈ ಮುಗಿದು "ತಪ್ಪಾಯ್ತು ಸ್ವಾಮಿ" ಅಂದರೆ ಸಾಕು, ಅಣ್ಣನ ಕಡೆಯವರು ದಂಡ ಕಟ್ಟುತ್ತಿದ್ದರು. ಬರುವಾಗ ಹೋಟೆಲಿನಲ್ಲಿ ಬಾಡೂಟ. ಆ ದಿನದ ಕೂಲಿಯನ್ನೂ ಹಿಡಿಯುತ್ತಿರಲಿಲ್ಲ. ಕುರಿಗೆ ಸೊಪ್ಪು ತರಿಯುವುದು, ತೆಂಗಿಗೆ ನೀರು ಹಾಯಿಸುವುದು ಹೇಗೋ ಕೋರ್ಟಿಗೆ ಹೋಗುವುದೂ ಹಾಗೇ ಒಂದು ಆಳಿನ ಕೆಲಸ ಅಂದುಕೊಂಡಿದ್ದ. ಬೆಪ್ಪ. ಅವನನ್ನು ಬೆಪ್ಪನನ್ನಾಗಿ ಇಟ್ಟುಕೊಂಡವರಿಗೆ ಏನನ್ನಬೇಕು?

ಈಗ ಯಾಕೆ ಬಂತು ಈ ನೋಟೀಸು? ಅದೂ ಗುಟ್ಟೇನಲ್ಲ. ಊರಾಚೆಯ ಬಂಡೆಯ ಪಕ್ಕದಲ್ಲಿ ಪುಟ್ಟಗೌರಮ್ಮನ ಹೆಸರಿಗೆ ಸರ್ಕಾರದವರು ಕೊಟ್ಟ ಒಂದಿಷ್ಟು ನೆಲವಿತ್ತು. ಗಂಡ ಹೆಂಡತಿ ಸೇರಿ ಕಲ್ಲು ಆಯ್ದು ರಾಗಿ ಬಿತ್ತಿದ್ದರು. ಚಿಕ್ಕರಾಜಣ್ಣ ಅದರ ಹಿಂದಿನ ಜಾಗದಲ್ಲಿ ಬೆಂಗಳೂರಿನವರಿಗೆ ಸೈಟು ಮಾಡಿ ಮಾರಲು ಹೊರಟಿದ್ದರು. ದಾರಿ ಈ ನೆಲದ ಮೇಲೇ ಹಾಯಬೇಕಿತ್ತು. ಬಿಟ್ಟುಕೊಡು ಅಂದರು. ಗಂಗಹನುಮಯ್ಯ ಹುಟ್ಟಿದಾಗಿನಿಂದ ಮೊದಲ ಸಲ ಆಗಲ್ಲ ಅಂದ. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ರೌಡಿಯಾಗಿದ್ದ. ಒಂದು ವರ್ಷ ಅವನು ರಾಯಚೂರಿನಲ್ಲಿ ಕೊಳೆತರೆ ಬೇಲಿ ಹಾಕಲು ಅಡ್ಡ ಬರುವವರು ಯಾರು?

ಇಷ್ಟೆಲ್ಲ ಗೊತ್ತಿದ್ದೂ ಅವನು ಸೀದಾ ಚಿಕ್ಕರಾಜಣ್ಣನ ಮನೆಗೇ ಹೋದ. ಉಂಡ ಮನೆಯಲ್ಲವೇ, ಬಾಯಿ ಬಿಟ್ಟು ಕೇಳಿದರೆ ಒಸಿ ಕರುಣೆ ಹುಟ್ಟೀತು ಅಂತ ಆಸೆ. ಪುಟ್ಟಗೌರಮ್ಮ ಬೇಡ ಅಂದರೂ ಕೇಳಲಿಲ್ಲ, ಅವಳೂ ಜೊತೆಗೆ ಹೋದಳು. ಚಿಕ್ಕರಾಜಣ್ಣ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಆಳು ಮುನಿಯಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ನೆಲದ ಜಗಳವಾಗಿ ಗಂಗಹನುಮಯ್ಯ ಕೆಲಸ ಬಿಟ್ಟ ಮೇಲೆ ಅವನ ಜಾಗಕ್ಕೆ ಬಂದವನು ಇವನು.

"ಅಣ್ಣ, ಆ ಕೇಸೆಲ್ಲ ನಿಮ್ಮುವು ಅಂತ ಸಾಹೇಬ್ರಿಗೆ ಒಂದ್ ಮಾತ್ ಹೇಳ್ಬುಡಿ. ನಿಮ್ ಹೆಸ್ರಿಗೆ ಏನೂ ಆಗಾಕಿಲ್ಲ, ದುಡ್ಡಿರೋರು ನೀವು."

"ಏನ್ ಕೇಸ್ಲಾ?"

"ಡಾಬಾದ್ದು. ಮರಳುದ್ದು."

"ನಾನ್ಯಾಕ್ಲಾ ಹೇಳ್ಲಿ? ಜಡ್ಜ್ ಮುಂದೆ ಕೈ ಮುಗ್ದೋನು ನೀನು. ಮಾಡ್ದೆ ಅಂದೋನೂ ನೀನು. ನಾನ್ ಏನಾದ್ರೂ ಕೋರ್ಟಿನ ಮೆಟ್ಲು ಹತ್ತಿದ್ನಾ?"

"ನೀವೇ ಕಳಿಸ್ತಿದ್ರಿ ಅಣ್ಣ."

"ಕಳಿಸ್ದೆ ಅಂತ ಎಲ್ಲೈತೆ? ತೋರ್ಸು." ಲೋಟ ಕೆಳಗಿಟ್ಟು ಪುಟ್ಟಗೌರಮ್ಮನ ಕಡೆ ತಿರುಗಿದರು. "ನೆಲ ಬುಟ್ಕೊಡು ಗೌರಮ್ಮ. ಗುರುವಾರ ನಾನೇ ಬಂದು ಇವ್ನು ಒಳ್ಳೇವ್ನು ಅಂತ ಹೇಳ್ತೀನಿ. ಇಲ್ಲಾಂದ್ರೆ ರಾಯಚೂರಿನ ಬಿಸ್ಲು ಹೆಂಗಿರ್ತದೆ ಅಂತ ನೋಡ್ಕೊಂಡ್ ಬರ್ಲಿ."

"ನಿಮ್ ಎಂಜ್ಲು ಶರ್ಟು ಹಾಕ್ಕೊಂಡು ನಿಮ್ ಪಾಪ ಹೊತ್ತನಲ್ಲ ಇವ್ನು, ಇವ್ನಿಗೆ ಹೊಡೀಬೇಕು ಮೊದ್ಲು," ಅಂದು ಪುಟ್ಟಗೌರಮ್ಮ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಮುನಿಯಪ್ಪ ಹುಲ್ಲಿನ ಹೊರೆ ಕೈಯಲ್ಲಿ ಹಿಡಿದು ನೋಡುತ್ತಲೇ ನಿಂತಿದ್ದ.

ಗುರುವಾರ ಬಂತು. ಸಾಹೇಬರ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು. ಒಂದು ಕಡೆ ಇನ್ಸ್‌ಪೆಕ್ಟರು, ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಗುಮಾಸ್ತ. ಬಾಗಿಲಲ್ಲಿ ಚಿಕ್ಕರಾಜಣ್ಣ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ಅವರ ಹಿಂದೆ ಸಾಕ್ಷಿ ಹೇಳಲು ಕರೆತಂದ ಮುನಿಯಪ್ಪ. ಗಂಗಹನುಮಯ್ಯನಿಗೆ ಹೆದರಿ ಊರವರು ಓಡಾಡುವುದೇ ಕಷ್ಟವಾಗಿದೆ ಅಂತ ಅವನು ಹೇಳಬೇಕಾಗಿತ್ತು.

"ಇಷ್ಟು ಕೇಸಿನಲ್ಲಿ ಶಿಕ್ಷೆಯಾಗಿದೆ. ಏನಾದರೂ ಹೇಳುವುದಿದೆಯೇ?" ಸಾಹೇಬರು ಕೇಳಿದರು.

"ಒಂದೂ ನಾನ್ ಮಾಡಿದ್ದಲ್ಲ ಸ್ವಾಮಿ."

"ಎಲ್ಲದರಲ್ಲೂ ಒಪ್ಪಿಕೊಂಡಿದ್ದೀಯಲ್ಲ."

"ಒಪ್ಕೊ ಅಂದ್ರು, ಒಪ್ಕೊಂಡೆ. ಆಳು ನಾನು. ಮಾಡಿದ್ದು ಧಣಿ."

ಸಾಹೇಬರು ಕನ್ನಡಕ ತೆಗೆದರು. "ಅಂದರೆ ನ್ಯಾಯಾಲಯದ ಮುಂದೆ ಸುಳ್ಳು ಹೇಳಿದ್ದೀಯ. ಒಂದು ಸಲವಲ್ಲ, ಪ್ರತಿ ಸಲವೂ. ಅದು ಎಂಥ ಅಪರಾಧ ಗೊತ್ತೇನಯ್ಯಾ? ಅದಕ್ಕೆ ಬೇರೆಯೇ ಕೇಸಾಗುತ್ತೆ. ಈ ಮಾತು ಬಿಟ್ಟುಬಿಡು, ನಿನಗೇ ಒಳ್ಳೆಯದು."

ಬಾಗಿಲಲ್ಲಿದ್ದ ಚಿಕ್ಕರಾಜಣ್ಣನ ಮುಖದಲ್ಲಿ ನಗು ಮೂಡಿತು. ಇನ್ಸ್‌ಪೆಕ್ಟರು ಮೊಬೈಲು ನೋಡತೊಡಗಿದರು. ಗಂಗಹನುಮಯ್ಯ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಆ ಕೇಸು ಹಾಕಿ ಸ್ವಾಮಿ," ಅಂದ. "ಬರ್ಕಳಿ. ನಿಮ್ ಕಾಗ್ದದಲ್ಲಿರೋದು ಯಾವ್ದೂ ನಾನ್ ಮಾಡಿಲ್ಲ. ಸುಳ್ಳು ಹೇಳಿದ್ದು ಮಾತ್ರ ನಾನೇ. ಅದುಕ್ಕೆ ಜೈಲಿಗಾಕಿ, ಹೋಯ್ತೀನಿ. ಯಾರ್ ಹೇಳುಸುದ್ರು ಅಂತ್ಲೂ ಬರ್ಕಳಿ. ಅಗೋ, ಬಾಗ್ಲಲ್ಲೇ ನಿಂತವ್ರೆ."

ಗುಮಾಸ್ತನ ಬೆರಳು ನಿಂತಿತು. ಸಾಹೇಬರು ಅವಸರದಿಂದ ಸಾಕ್ಷಿಯನ್ನು ಕರೆದರು. "ಮುನಿಯಪ್ಪ ಅಂದರೆ ನೀನೇನಪ್ಪ? ಊರಲ್ಲಿ ನಿನಗೆ ಭಯ ಇದೆಯಾ? ಹೇಳು."

ಮುನಿಯಪ್ಪ ಮುಂದೆ ಬಂದ. ಅವನ ಮೈಮೇಲೂ ಯಾರದೋ ದೊಗಳೆ ಶರ್ಟಿತ್ತು. "ಐತೆ ಸ್ವಾಮಿ," ಅಂದ. "ಇವನ್ದಲ್ಲ. ಹೋದ್ ತಿಂಗ್ಳು ಡಾಬಾ ಕೇಸಿಗೆ ಕನಕಪುರದಲ್ಲಿ ಕೈ ಮುಗ್ದೋನು ನಾನು. ನಾನೂ ಸುಳ್ಳು ಹೇಳಿವ್ನಿ. ನಂದೂ ಬರ್ಕಳಿ."

"ಲೇ ಮುನಿಯಾ," ಅಂದರು ಚಿಕ್ಕರಾಜಣ್ಣ.

ಸಾಹೇಬರು ಗುಮಾಸ್ತನ ಕಡೆ ತಿರುಗಿ, "ಇದ್ಯಾವುದನ್ನೂ ಟೈಪ್ ಮಾಡಬೇಡಿ. ಸಾಕ್ಷಿ ಗೈರುಹಾಜರು ಅಂತ ಹಾಕಿ," ಅಂದರು.

"ಎದುರ್ಗೇ ನಿಂತವ್ನಲ್ಲ ಸ್ವಾಮಿ," ಅಂದಳು ಪುಟ್ಟಗೌರಮ್ಮ. ಇನ್ಸ್‌ಪೆಕ್ಟರು ಎದ್ದು ಆಚೆ ನಡೆಯಿರಿ ಅಂತ ಗದರಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಹೇಬರ ಮೇಜಿನ ಮುಂದೆ ನೆಲದ ಮೇಲೆ ಕೂತಳು.

"ಕೇಳಿದ್ದನ್ನೆಲ್ಲ ಬರ್ಕಳೋ ಗಂಟ ನಾವು ಏಳಾಕಿಲ್ಲ."

ಗಂಗಹನುಮಯ್ಯನೂ ಕೂತ. ಮುನಿಯಪ್ಪ ಒಂದು ಸಲ ಬಾಗಿಲ ಕಡೆ ನೋಡಿದ, ಆಮೇಲೆ ಅವರ ಪಕ್ಕದಲ್ಲಿ ಕೂತ.