ಬೆಳಕನ್ನು ನಂಬದ ಶಿವಕಾಂತಾ

ಯಾವ ಮನೆಗೆ, ಯಾವ ಅಂಗಡಿಗೆ ಕಾಲಿಟ್ಟರೂ ಶಿವಕಾಂತಾ ಮೊದಲು ನೋಡುವುದು ಅಲ್ಲಿನ ದೀಪಗಳನ್ನು. ಮನುಷ್ಯರ ಮುಖ ಆಮೇಲೆ. ಚಟಪಟಿಸುವ ಟ್ಯೂಬ್‌ಲೈಟು, ಬಿಸಿಲಿಗೆ ಅಡ್ಡಲಾಗಿ ತಿರುಗುವ ಫ್ಯಾನು, ಬಾಗಿಲ ಮೇಲೆ ಹತ್ತಿ ಆರುವ ಸೀರಿಯಲ್ ಸೆಟ್ಟು, ಒಂದೊಂದನ್ನೂ ಪೊಲೀಸರು ಹಳೆಯ ಕಳ್ಳರನ್ನು ನೋಡುವಂತೆ ನೋಡಿ, ಅವಕ್ಕೆ ಬೆನ್ನು ಕೊಡುವ ಜಾಗ ಹುಡುಕುತ್ತಾಳೆ. ಮಿಣುಕುವ ಬೆಳಕು ಎದುರಾದರೆ ಅಂಗೈಯಿಂದ ಒಂದು ಕಣ್ಣು ಪೂರ್ತಿ ಮುಚ್ಚಿ ಮುಖ ತಿರುಗಿಸುತ್ತಾಳೆ. ಡಾಕ್ಟರು ಕಲಿಸಿದ್ದು ಅದು. ಎರಡೂ ಕಣ್ಣಿಗೆ ಒಮ್ಮೆಲೇ ಮಿಣುಕು ಹೊಕ್ಕರೆ ಅವಳಿಗೆ ಮೂರ್ಛೆ ಬರುತ್ತದೆ.

ಬೀದರಿನಲ್ಲಿ ಅವಳು ಕೆಲಸಕ್ಕಿದ್ದ ಫಕ್ರೋದ್ದೀನರ ಸೀರೆ ಅಂಗಡಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಭಾಲ್ಕಿಯ ಅಂಗಡಿಯೊಂದರಲ್ಲಿ ಮೂರ್ಛೆ ಬಂದು ಬಿದ್ದಾಗ ಮಾಲೀಕರು ಬಹಳ ಮೆತ್ತಗೆ, "ಸ್ವಲ್ಪ ದಿನಾ ಆರಾಮ್ ಮಾಡ್ರಿ" ಅಂದಿದ್ದರು. ಆ ಆರಾಮು ಮುಗಿಯಲೇ ಇಲ್ಲ. ಅಂದಿನಿಂದ ಮೆತ್ತನೆಯ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಹುಬ್ಬು ಗಂಟಿಕ್ಕುತ್ತದೆ.

ಜೊತೆ ಕೆಲಸದ ಹುಡುಗಿ ಅರ್ಶಿಯಾಳ ಮೇಲಂತೂ ಅವಳಿಗೆ ಹೆಚ್ಚಿನ ಗುಮಾನಿ. ಸಂಜೆಯೂ ತೆಗೆಯದ ಕಪ್ಪು ಕನ್ನಡಕ ಕಂಡು ಅರ್ಶಿಯಾ, "ಅಕ್ಕಾ, ಇವತ್ತ ಶೂಟಿಂಗ್ ಎಲ್ಲದ?" ಅನ್ನುವಳು.

"ಯಾಕ ಕೇಳ್ತಿ?"

"ಊಟಾ ಆಯ್ತಾ?"

"ಅದೂ ಯಾಕ ಬೇಕು ನಿನಗ?"

ಒಮ್ಮೆ ತಾನು ಗುಳಿಗೆ ನುಂಗುವುದನ್ನು ಅರ್ಶಿಯಾ ನೋಡಿದಳೆಂದು, ಅಂದೇ ಗುಳಿಗೆಯ ಪೊಟ್ಟಣ ಊಟದ ಡಬ್ಬಿಯಿಂದ ಸೀರೆಯ ಸೆರಗಿನ ಗಂಟಿಗೆ ಬಂತು.

ಒಂದು ಸಂಜೆ ಅರ್ಶಿಯಾ ಶಟರಿಗೆ ಕೀಲಿ ಹಾಕುತ್ತಿದ್ದಳು. ಮನೆಯಲ್ಲಿ ಫಾಲ್ ಹಚ್ಚಲು ಸೀರೆಗಳ ಗಂಟನ್ನು ಶಿವಕಾಂತಾ ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು. ಪಕ್ಕದಲ್ಲಿ ಯಾರೋ ವೆಲ್ಡಿಂಗ್ ಶುರುಮಾಡಿದರು. ಕಣ್ಣು ಮುಚ್ಚಲು ಕೈ ಬೇಕು. ಹೊಸ ಸೀರೆಗಳನ್ನು ಧೂಳಿಗೆ ಬಿಡುವುದೇ ಎಂದು ಒಂದು ಗಳಿಗೆ ತಡೆದಳು. ಅಷ್ಟೇ ಸಾಕಾಯಿತು.

ಎಚ್ಚರಾದಾಗ ಮೆಟ್ಟಿಲ ಬಳಿ ಒಬ್ಬಳೇ ಇದ್ದಳು. ತಲೆಯಡಿ ಸೀರೆಯ ಗಂಟು, ಮುಷ್ಟಿಯಲ್ಲಿ ಅಂಗಡಿಯ ಕೀಲಿಕೈ ಗೊಂಚಲು. ಮಂಪರಿನಲ್ಲೇ ಎದ್ದು ಆಟೋ ಹತ್ತಿ ನೌಬಾದದ ಮನೆ ಸೇರಿದಳು. ಫೋನಿನಲ್ಲಿ ಅರ್ಶಿಯಾಳ ಹೆಸರು ಕಂಡೊಡನೆ ಸ್ವಿಚ್ ಆಫ್ ಮಾಡಿದಳು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುತ್ತಾರೆಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಕಬ್ಬಿಣವೇ ಬೇಕಿದ್ದರೆ ಪಕ್ಕದಲ್ಲಿ ವೆಲ್ಡಿಂಗಿನವರ ಕಬ್ಬಿಣದ ರಾಶಿಯೇ ಇತ್ತಲ್ಲ, ಅಂಗಡಿಯ ಕೀಲಿಕೈಯೇ ಏಕೆ? ಕಳ್ಳಿಯೆನಿಸಿ ಹೊರಗೆ ಹಾಕಲಿಕ್ಕೆ. ಮತ್ತೇನು!

ಮರುದಿನ ಮುಚ್ಚಿದ ಶಟರಿನ ಮುಂದೆ ಫಕ್ರೋದ್ದೀನರು ಅರ್ಶಿಯಾಳ ಮೇಲೆ ಕೂಗಾಡುತ್ತಿದ್ದರು. ಶಿವಕಾಂತಾ ಚಹಾದ ಬಂಡಿಯ ಮರೆಯಲ್ಲಿ ನಿಂತು, ತನ್ನ ಹೆಸರು ಬರುವುದನ್ನೇ ಕಾದಳು.

"ಕೀಲಿಕೈ ಎಲ್ಲಿ ಒಗದಿ? ಹೇಳ್ತಿಯೋ, ಇವತ್ತೇ ಕೆಲಸಾ ಬಿಡ್ತಿಯೋ?"

"ಎಲ್ಲೋ ಬಿದ್ದಾವ್ರಿ ಚಾಚಾ, ನೆನಪಿಲ್ಲ" ಎಂದ ಅರ್ಶಿಯಾಳ ಕಣ್ಣು ಅಷ್ಟರಲ್ಲಿ ಬಂಡಿಯ ಕಡೆ ಬಿತ್ತು. ಶಿವಕಾಂತಾಳನ್ನು ಕಂಡಳು. ಕಂಡು ಮುಖ ತಿರುಗಿಸಿದಳು. "ಬಿಡಂದ್ರ ಬಿಡ್ತೇನ್ರಿ."

ಹೆಸರು ಬರಲಿಲ್ಲ. ಶಿವಕಾಂತಾ ಮುಂದೆ ಬಂದು ಗೊಂಚಲನ್ನು ಚಾಚಿದಳು. "ಆಕಿ ಕಳದಿಲ್ರಿ ಸಾಹೇಬ್ರ. ನನಗ ಫಿಟ್ಸ್ ಬರ್ತಾವ. ನಿನ್ನಿ ಬಿದ್ದಾಗ ನನ್ನ ಕೈಯಾಗ ಇಟ್ಟಾಳ."

ಅರ್ಶಿಯಾಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. "ನಾ ಮುಚ್ಚಿಟ್ರ ನೀ ಊರಿಗೆಲ್ಲಾ ಸಾರ್ತಿ! ಆಟೋ ತರೂದ್ರಾಗ ಎಲ್ಲಿ ಓಡಿದ್ಯಕ್ಕಾ?"

"ಇನ್ನೊಮ್ಮಿ ಕಬ್ಬಿಣ ಹಿಡಿಸಬ್ಯಾಡ. ಅದರಿಂದ ಏನೂ ಆಗಂಗಿಲ್ಲ. ಮಗ್ಗಲಿಗೆ ಹೊರಳಿಸಿ ಹತ್ರ ಕೂಡು, ಸಾಕು."

ಫಕ್ರೋದ್ದೀನರು ಇಬ್ಬರನ್ನೂ ನೋಡಿದರು. "ಮೊದಲೇ ಹೇಳಬಾರದಾ ಶಿವಕಾಂತಾಬಾಯಿ? ಶಟರ್ ಎತ್ರಿ, ಗಿರಾಕಿ ನಿಂತಾರ."

ಶಿವಕಾಂತಾ ಅಲ್ಲೇ ಇದ್ದಾಳೆ. ಆ ಸಂಜೆ ತಾನು ಹೇಗೆ ಬಿದ್ದೆ, ಬಾಯಿಂದ ಏನು ಬಂತು, ಯಾರು ನೋಡಿದರು ಎಂದು ಅರ್ಶಿಯಾಳನ್ನು ಈಗಲೂ ಒಮ್ಮೊಮ್ಮೆ ವಿಚಾರಿಸುತ್ತಾಳೆ. ಉತ್ತರ ಹಿಂದಿನ ಸಲದಂತೆಯೇ ಇದೆಯೇ ಎಂದು ಒಳಗೇ ತಾಳೆ ನೋಡುತ್ತಾಳೆ.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಸುಲಭವಾಗಿ ಕರೆದುಬಿಡುತ್ತದೆ. ತಾವು ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಅವರು ತಾವೇ ಅಲ್ಲಿರುವುದಿಲ್ಲ; ತಮ್ಮ ಬದುಕಿನ ಆ ಚೂರನ್ನು ಇನ್ನೊಬ್ಬರ ಬಾಯಿಂದಲೇ ಕೇಳಿ ಪಡೆಯಬೇಕು. ಹಾಗೆ ಸದಾ ಪರರ ಸಾಕ್ಷಿಯ ಮೇಲೆ ಬದುಕುವವರು, ಸಾಕ್ಷಿ ಹೇಳುವವರ ಮುಖವನ್ನು ಮತ್ತೆ ಮತ್ತೆ ನೋಡದೆ ಇನ್ನೇನು ಮಾಡಿಯಾರು?