ಕೂಗದೆ ಬಿಟ್ಟ ಹೆಸರು

ತಿರುನಾರಾಯಣ ಮೇಷ್ಟ್ರು ಯಾರಿಗೂ ಇಲ್ಲ ಅಂದವರಲ್ಲ. ಇಲ್ಲ ಅನ್ನಬೇಕಾದ ಕಡೆಯೆಲ್ಲ 'ನೋಡೋಣ' ಅನ್ನುತ್ತಿದ್ದರು. ಆತಗೂರಿನ ಆಚೆಗಿದ್ದ ಆ ಪುಟ್ಟ ಹಳ್ಳಿಗೆ ದಿನಾ ಮದ್ದೂರಿನಿಂದ ಬಸ್ಸಲ್ಲಿ ಬಂದು, ನಾಲ್ಕು ತರಗತಿಗೂ ಒಬ್ಬರೇ ಪಾಠ ಹೇಳಿ, ಸಂಜೆ ಬಸ್ಸಿಗೆ ವಾಪಸ್ಸಾಗುವ ಮನುಷ್ಯ. ಅಂಥವರು ಒಂದು ಸಂಜೆ ಬಸ್ಸು ಹೋಗಲು ಬಿಟ್ಟು ಪುಟ್ಟಸ್ವಾಮಿಯ ಜಗಲಿ ಮೇಲೆ ಕೂತು, ಜೇಬಿನಿಂದ ಒಂದು ಅರ್ಜಿ ತೆಗೆದಾಗ, ಒಳಗೆ ಸೊಪ್ಪು ಹೆಚ್ಚುತ್ತಿದ್ದ ಅವನ ಹೆಂಡತಿ ಇಂದ್ರಮ್ಮ ಕತ್ತಿ ಕೆಳಗಿಟ್ಟು ಬಾಗಿಲಿಗೆ ಬಂದಳು.

ಅರ್ಜಿ ಮೈಸೂರಿನದು. ಕಣ್ಣು ಕಾಣದ ಮಕ್ಕಳಿಗೆಂದೇ ಇರುವ ಶಾಲೆ. ಊಟ, ಬಟ್ಟೆ, ಮಲಗಲು ಜಾಗ, ಎಲ್ಲ ಪುಕ್ಕಟೆ. ಬೆರಳಲ್ಲಿ ಮುಟ್ಟಿ ಓದುವ ಚುಕ್ಕಿ ಅಕ್ಷರ ಕಲಿಸುತ್ತಾರಂತೆ. ಮೇಷ್ಟ್ರು ಸ್ವಂತ ಖರ್ಚಲ್ಲಿ ಹೋಗಿ, ವಿಚಾರಿಸಿ, ತಂದಿದ್ದರು. ತಿಂಗಳ ಕೊನೆಯೊಳಗೆ ತಂದೆಯ ರುಜು ಬಿದ್ದರೆ ಸಾಕು, ಮಗಳು ಚಲುವಿಯ ಬಾಳು ಹಸನಾಗುತ್ತದೆ ಅಂದರು. ಒಳ್ಳೇ ಮಾತೇ. ಆದರೆ ಒಳ್ಳೇ ಮಾತು ಕೇಳಿದರೂ ಮೈ ಉರಿಯುತ್ತದಲ್ಲ, ಅಂಥ ಉರಿ ಇಂದ್ರಮ್ಮನಿಗೆ ಹತ್ತಿತು.

ಯಾಕೆ ಅಂದರೆ, ಜೂನ್ ತಿಂಗಳಲ್ಲಿ ಮಗಳನ್ನು ಶಾಲೆಗೆ ಸೇರಿಸಿ ಅಂತ ಅವಳೇ ಕೈ ಹಿಡಿದು ಕರಕೊಂಡು ಹೋದಾಗ ಮೇಷ್ಟ್ರು ಅಂದದ್ದೂ 'ನೋಡೋಣ, ಕೂತಿರಲಿ' ಅಂತಲೇ. ಕೂತಿರಲಿ ಅಂದರೆ ಸೇರಿಸಿಕೊಂಡರು ಅಂತ ಅವಳು ತಿಳಿದಳು. ಚಲುವಿ ಎರಡು ತಿಂಗಳಿಂದ ಕೂತೇ ಇದ್ದಳು. ಈಗ ನೋಡಿದರೆ ನೋಡೋಣ ಅಂದದ್ದಕ್ಕೆ ಮೈಸೂರು ಅಂತ ಅರ್ಥ.

ಚಲುವಿಗೆ ಎಂಟು ವರ್ಷ. ಮೂರು ತುಂಬುವ ಮೊದಲೇ ಮೈಮೇಲೆ ಅಮ್ಮ ಎದ್ದು, ಸಿಡುಬಾಗಿ, ಎರಡೂ ಕಣ್ಣು ಹೋಗಿದ್ದವು. ಕಣ್ಣು ಹೋದರೆ ಕಿವಿ ಹೋಯಿತೇ? ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ಹುಳ ತಿನ್ನೋದು ಬಿಟ್ಟು, ತಲೆ ಎತ್ತಿಕೊಂಡು ಪೊರೆ ಬಿಡೋಕೆ ಮಲಗಿದರೆ ಅದಕ್ಕೆ ಜ್ವರಕ್ಕೆ ಹೋಯಿತು ಅನ್ನುತ್ತಾರೆ. ಯಾವ ತಟ್ಟೆಯ ಹುಳ ಜ್ವರಕ್ಕೆ ಹೋಯಿತು, ಯಾವುದು ಎದ್ದಿತು ಅನ್ನೋದನ್ನು ಚಲುವಿ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಅವಳ ಮಾತು ಕೇಳದೆ ಪುಟ್ಟಸ್ವಾಮಿ ಒಂದು ಹಿಡಿ ಸೊಪ್ಪೂ ಹಾಕುತ್ತಿರಲಿಲ್ಲ.

ಅದೇ ಪುಟ್ಟಸ್ವಾಮಿ ಅರ್ಜಿ ಹಿಡಕೊಂಡು ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಶುರು ಮಾಡಿದ. ಊರವರೂ ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಹೆತ್ತೋರಿಗೆ ಹೆಗ್ಗಣ ಮುದ್ದು, ಇವಳಿಗೆ ಹಟ, ಅಂತ ಹಿಂದಿನಿಂದ ಆಡಿಕೊಂಡರು. ಇಂದ್ರಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಗಂಡನಿಗೆ ಮಾತ್ರ ಕೊಟ್ಟಳು. ಅವನು ಹುಳದ ಮನೆಯಲ್ಲಿ ನಿಂತು, ಬಲು ಜಾಣನ ಹಾಗೆ, ಹುಳದ ಲೆಕ್ಕದಲ್ಲೇ ಅವಳನ್ನು ಸೋಲಿಸೋಕೆ ಬಂದಿದ್ದ.

"ಇಂದಕ್ಕೆ ಬಿದ್ದ ಉಳಾನ ಬ್ಯಾರೆ ತಟ್ಟೆಗೆ ತಗ್ದು ಆಕಲ್ವೇನೇ? ಎಲ್ಲಾನೂ ಒಟ್ಗೆ ಬುಟ್ರೆ ಅದ್ಕೆ ಸೊಪ್ಪು ಸಿಕ್ಕಾದಾ?"

"ಆಕ್ತೀವಿ. ಆ ತಟ್ಟೇನ ಇದೇ ಮನೇಲಿ ಮಡಗ್ತೀವಿ. ಮೈಸೂರ್ಗೆ ಕಳಿಸ್ತೀವಾ?"

ಪುಟ್ಟಸ್ವಾಮಿ ಬಾಯಿ ಮುಚ್ಚಿದ. ಆದರೆ ಬಾಯಿ ಮುಚ್ಚಿದವನು ಒಪ್ಪಿದ ಅಂತ ತಿಳಿದರೆ ಅದು ಹೆಂಗಸರ ದಡ್ಡತನ. ಸೋಮವಾರ ಬೆಳಿಗ್ಗೆ ಗದ್ದೆಗೆ ಹೋಗುವ ಮೊದಲು ಅರ್ಜಿಗೆ ರುಜು ಹಾಕಿ, ದೇವರ ಪಟದ ಹಿಂದೆ ಸಿಕ್ಕಿಸಿ ಹೋದ. ಸಂಜೆ ಮೇಷ್ಟ್ರಿಗೆ ಕೊಡುತ್ತೇನೆ ಅಂದ. ಆಗಲಿ, ಅದು ಹೇಗೆ ಕೊಡ್ತೀಯೋ ನಾನೂ ನೋಡ್ತೀನಿ ಅಂದುಕೊಂಡು ಇಂದ್ರಮ್ಮ ಮಗಳ ತಲೆ ಬಾಚಲು ಕೂತಳು.

ಚಲುವಿ ತಲೆ ಬಗ್ಗಿಸಿಕೊಂಡೇ ಅಂದಳು: "ಅವ್ವ, ನಾನು ಮೈಸೂರ್ಗೆ ಓಯ್ತೀನಿ."

ಇಂದ್ರಮ್ಮನ ಕೈಯ ಬಾಚಣಿಗೆ ಅಲ್ಲೇ ನಿಂತಿತು. ಯಾರು ಹೇಳಿಕೊಟ್ಟರು, ಅಪ್ಪನಾ, ಮೇಷ್ಟ್ರಾ, ಅಂತ ಗದರಿದಳು. ಯಾರೂ ಇಲ್ಲ ಅಂದಳು ಹುಡುಗಿ.

"ಅಲ್ಲಾದ್ರೆ ನನ್ನೆಸ್ರು ಕೂಗ್ತಾರೆ ಕಣವ್ವ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಬೆಳಿಗ್ಗೆ ಮೇಷ್ಟ್ರು ದೊಡ್ಡ ಪುಸ್ತಕ ತೆಗೆದು ಎಲ್ಲರ ಹೆಸರೂ ಕೂಗುತ್ತಾರೆ. ಚಲುವಿಯದು ಇಲ್ಲ. ಮೊದಲ ತಿಂಗಳು, ಕಡೇ ಹೆಸರು ಮುಗಿದ ಮೇಲೆ ಅವಳೇ 'ಬಂದಿವ್ನಿ ಸಾ' ಅನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದವು, ಮೇಷ್ಟ್ರು ಪಾಪ ಅನ್ನುತ್ತಿದ್ದರು. ಈಗ ಅನ್ನೋದನ್ನು ಬಿಟ್ಟಿದ್ದಾಳೆ. ಮಗ್ಗಿ ಎಲ್ಲರನ್ನೂ ಕೇಳುತ್ತಾರೆ, ಅವಳನ್ನು ಕೇಳುವುದಿಲ್ಲ. ತಪ್ಪು ಹೇಳಿದವರನ್ನು ನಿಲ್ಲಿಸುತ್ತಾರೆ, ಅವಳನ್ನು ಒಂದು ದಿನವೂ ನಿಲ್ಲಿಸಿಲ್ಲ. ಬಾಗಿಲ ಪಕ್ಕ ಅವಳಿಗೇ ಒಂದು ಚಾಪೆ. ಮಧ್ಯಾಹ್ನದ ಉಪ್ಪಿಟ್ಟು ಮಾತ್ರ ಎಲ್ಲರಿಗಿಂತ ಮೊದಲು ಅವಳ ಎಲೆಗೆ ಬೀಳುತ್ತದೆ, ಎಲ್ಲರಿಗಿಂತ ಒಂದು ಸೌಟು ಜಾಸ್ತಿ.

ಶಾಲೆಯ ಮೆಟ್ಟಿಲು ಹತ್ತದ ಇಂದ್ರಮ್ಮನಿಗೆ ಹಾಜರಿ ಪುಸ್ತಕ ಅಂತೊಂದು ಇದೆ ಅಂತ ಏನು ಗೊತ್ತು? ಕೂತರೆ ಕಲಿತ ಹಾಗೆ ಅಂತ ತಿಳಿದಿದ್ದಳು. ಮೇಷ್ಟ್ರ ಮೇಲಿನದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ಎರಡು ತಿಂಗಳು ಮಗಳನ್ನು ಚೆನ್ನಾಗಿ ತಲೆ ಬಾಚಿ, ಹೂ ಮುಡಿಸಿ, ಕಳಿಸಿದ್ದು ಉಪ್ಪಿಟ್ಟು ತಿನ್ನಿಸೋಕೆ!

ಪಟದ ಹಿಂದಿನ ಅರ್ಜಿ ಕಿತ್ತುಕೊಂಡಳು. ಅರ್ಧ ಬಾಚಿದ ತಲೆಯ ಮಗಳ ಕೈ ಹಿಡಕೊಂಡಳು. ಹುಳಕ್ಕೆ ಬೆಳಗಿನ ಸೊಪ್ಪು ಹಾಕಿರಲಿಲ್ಲ, ಹಾಕಿರದಿದ್ದರೆ ಹೋಗಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಲೆಯ ದಾರಿ ಹಿಡಿದಳು.

ಮೇಷ್ಟ್ರು ಹಾಜರಿ ಪುಸ್ತಕ ಬಿಚ್ಚಿ ಕೂತಿದ್ದರು. ಇಂದ್ರಮ್ಮ ಒಳಗೆ ನುಗ್ಗಿ, ಬಾಗಿಲ ಪಕ್ಕದ ಚಾಪೆಯನ್ನು ಸುತ್ತಿ ಹೊರಗೆಸೆದು, ಮಗಳನ್ನು ಮೂರನೇ ತರಗತಿಯ ಸಾಲಿನ ನಡುವೆ ಇಬ್ಬರು ಹುಡುಗಿಯರ ಮಧ್ಯೆ ಕೂರಿಸಿದಳು. ಆಮೇಲೆ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತಳು. ಹೆಸರು ಬರೀರಿ ಅಂದಳು.

ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ, ಅದೇ ಅವರ ಬಲ. ಸಮಾಧಾನ ಮಾಡಿಕೋ ತಾಯಿ ಅಂದರು. ಹೆಸರು ಬರೆದರೆ ಪರೀಕ್ಷೆ ಬರುತ್ತದೆ, ಮಗು ಸ್ಲೇಟಿನ ಮೇಲೆ ಒಂದಕ್ಷರ ಬರೆಯಲಾರದು, ಇನ್‌ಸ್ಪೆಕ್ಟರು ಬಂದರೆ ನಾನೇನು ತೋರಿಸಲಿ ಅಂದರು. ನನಗೆ ಆ ಚುಕ್ಕಿ ಅಕ್ಷರ ಬರದು, ಬರುವವರ ಹತ್ತಿರ ಕಳಿಸೋದು ತಪ್ಪಾ ಅಂತ ಕೇಳಿದರು. ಕೇಳಿದ್ದರಲ್ಲಿ ಮೋಸವಿರಲಿಲ್ಲ. ಇಂದ್ರಮ್ಮನಿಗೂ ಅದು ಗೊತ್ತಾಯಿತು. ಹಿಂದೆ ಮೂವತ್ತು ಮಕ್ಕಳು ಕತ್ತು ಚಾಚಿ ಕೂತಿದ್ದವು. ಆಮೇಲೆ ಅವಳು ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಬರಲ್ಲ ಅಂದ್ರಲ್ಲ ಮೇಷ್ಟ್ರೇ, ಬರ್ದೇ ಇರೋರು ತಾನೇ ಕಲೀಬೇಕು? ಇದ್ರಲ್ಲಿ ನಿಮ್ಮೆಸ್ರು ಬರ್ಕೊಳ್ಳಿ. ನೀವೋಗಿ ಕಲ್ತ್ಕಂಡು ಬನ್ನಿ. ನನ್ ಮಗ್ಳು ಇಲ್ಲೇ ಕೂತಿರ್ತಾಳೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ಯಾರೂ ಇಂಥದ್ದು ಹೇಳಿರಲಿಲ್ಲ. ನೋಡೋಣ ಅನ್ನಲು ಬಾಯಿ ತೆರೆದರು. ಎದುರಿಗಿದ್ದವಳ ಮುಖ ನೋಡಿ ಮುಚ್ಚಿಕೊಂಡರು. ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಆ ವರ್ಷ ದಸರಾ ರಜೆಯಲ್ಲಿ ಅವರು ಹಾಸಿಗೆ ಸುತ್ತಿಕೊಂಡು ಮದ್ದೂರಿನಲ್ಲಿ ಮೈಸೂರು ಬಸ್ಸು ಹತ್ತಿದ್ದು, ಎಲ್ಲರೂ ದಸರಾ ನೋಡೋಕೆ ಅಂದುಕೊಂಡದ್ದು, ಬಂದ ಮೇಲೆ ದಪ್ಪ ರಟ್ಟಿಗೆ ದಬ್ಬಳದಲ್ಲಿ ಚುಕ್ಕಿ ಅಕ್ಷರ ಚುಚ್ಚಿ ಚುಚ್ಚಿ ಬೆರಳಿಗೆ ಗಾಯ ಮಾಡಿಕೊಂಡದ್ದು, ಅದೆಲ್ಲ ಆಮೇಲಿನ ಮಾತು. ಅವತ್ತು ಪುಟ್ಟಸ್ವಾಮಿ ಸಂಜೆ ಬಂದು ಪಟದ ಹಿಂದೆ ತಡಕಾಡಿ, ಹೆಂಡತಿಯ ಮುಖ ನೋಡಿ, ಸೊಪ್ಪು ಹೆಚ್ಚಲು ಕೂತದ್ದೂ ಆಮೇಲಿನದೇ.

ಆ ಬೆಳಿಗ್ಗೆ ನಡೆದದ್ದು ಇಷ್ಟು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಮೂರನೇ ತರಗತಿಯ ಹಾಳೆಯಲ್ಲಿ ಎಲ್ಲರ ಕೆಳಗೆ ಒಂದು ಹೆಸರು ಬರೆದರು. ಮೊದಲಿಂದ ಕೂಗಲು ಶುರುಮಾಡಿದರು. ಒಬ್ಬೊಬ್ಬರೇ ಹೂಂಗುಟ್ಟುತ್ತಾ ಬಂದರು. ಇಂದ್ರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹುಳ ಹಸಿದಿದ್ದವು, ಆದರೂ ಅವಳ ಕಾಲು ಕದಲಲಿಲ್ಲ.

"ಪಿ. ಚಲುವಮ್ಮ."

ಉತ್ತರ ಬರಲಿಲ್ಲ. ಹೆದರಿತೇ ಕೂಸು? ಇಷ್ಟೆಲ್ಲ ರಂಪ ಮಾಡಿದ್ದು ನೀರಲ್ಲಿ ಹೋಮವಾಯಿತೇ? ಮೇಷ್ಟ್ರು ತಲೆ ಎತ್ತಿದರು. ಚಲುವಿ ಬೆನ್ನು ನೆಟ್ಟಗೆ ಮಾಡಿಕೊಂಡು, ಹುಳದ ಮನೆಯ ಬಾಗಿಲಲ್ಲಿ ಕೇಳಿಸಿಕೊಳ್ಳುವಾಗಿನ ಹಾಗೆ ಕತ್ತು ಓರೆ ಮಾಡಿ ಕೂತಿದ್ದಳು.

"ಇನ್ನೊಂದ್ಸಲ ಕೂಗಿ ಸಾ," ಅಂದಳು.

ಮೇಷ್ಟ್ರು ಕೂಗಿದರು.